ಒಂದು ವರ್ಗದ ನೆನಪು: ಮುಂಬಯಿಯ ಮೊದಲ ನಾಲ್ವರು ಪದವೀಧರರು

ಶಾಲೆಗಳ ಇತಿಹಾಸವನ್ನು ಬರೆದಿಡುವ ಪದ್ಧತಿ ನಮ್ಮಲ್ಲಿ ಇಲ್ಲವೆಂದೇನಲ್ಲ. ಬೆಳ್ಳಿಹಬ್ಬ, ಚಿನ್ನದ ಹಬ್ಬಗಳು ಬಂದಾಗ ಸ್ಮರಣ ಸಂಚಿಕೆಗಳು ಹೊರಡುತ್ತವೆ. ಕಟ್ಟಡದ ಅಡಿಗಲ್ಲನ್ನಿಟ್ಟವರು ಯಾರು, ಭೂದಾನ ಮಾಡಿದ ಮಹನೀಯರು ಯಾರು, ಯಾವ ವರ್ಷ ಎಷ್ಟು ಕೋಣೆಗಳು ಏರಿದವು, ಮುಖ್ಯಾಧ್ಯಾಪಕರು ಯಾರ ತರುವಾಯ ಯಾರು ಬಂದರು ಎಂಬುದೆಲ್ಲ ಅವುಗಳಲ್ಲಿ ಕ್ರಮವಾಗಿ ಅಚ್ಚಾಗುತ್ತದೆ. ಆದರೆ ಶಾಲೆ ಯಾರಿಗಾಗಿ ಹುಟ್ಟಿತೋ ಆ ಹುಡುಗರ ಸಂಗತಿ ಮಾತ್ರ, ಇಲ್ಲಿ ಕಲಿತವರು ಇಂದು ದೊಡ್ಡ ದೊಡ್ಡ ಹುದ್ದೆಗಳಲ್ಲಿದ್ದಾರೆ ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಹೆಚ್ಚೆಂದರೆ ಇಬ್ಬರು ಮೂವರ ಭಾವಚಿತ್ರಗಳು ಬೀಳುತ್ತವೆ. ಒಂದೇ ಬಾಕಿನ ಮೇಲೆ ಕುಳಿತು, ಒಂದೇ ಪರೀಕ್ಷೆಗೆ ಕಟ್ಟಿ, ಒಂದೇ ವರ್ಷ ಶಾಲೆಯನ್ನು ಬಿಟ್ಟುಹೋದವರನ್ನು ಒಟ್ಟಾಗಿ ನೋಡುವ ಅಭ್ಯಾಸ ನಮಗಿಲ್ಲ.

ಒಬ್ಬ ದೊಡ್ಡ ಮನುಷ್ಯನ ಚರಿತ್ರೆಯಿಂದ ತಿಳಿಯದ ಕೆಲವು ಸಂಗತಿಗಳು ಒಂದು ವರ್ಗದ ಚರಿತ್ರೆಯಿಂದ ತಿಳಿಯುತ್ತವೆ. ಯಾವ ಮನೆಗಳ ಹುಡುಗರು ಶಾಲೆಗೆ ಬರುತ್ತಿದ್ದರು, ಯಾರು ಬರುತ್ತಿರಲಿಲ್ಲ, ಕಲಿತ ವಿದ್ಯೆ ಅವರನ್ನು ಎಲ್ಲಿಗೆ ಒಯ್ದಿತು, ಒಬ್ಬನು ಮುಂದೆ ಹೋದಾಗ ಉಳಿದವರು ಏನಾದರು, ಅವರಲ್ಲಿ ಕಡೆಯವರೆಗೂ ಉಳಿದ ಒಡನಾಟವೆಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಅಲ್ಲಿಯೇ. ಇದಕ್ಕೆ ಉದಾಹರಣೆಯಾಗಿ ನಮ್ಮ ಭಾಗದ ವಿದ್ಯಾಭ್ಯಾಸಕ್ಕೆ ಮೂಲವೆನ್ನಬಹುದಾದ ಒಂದು ವರ್ಗವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಓದಿ, 1862ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೊಟ್ಟಮೊದಲ ಬಿ.ಎ. ಪದವಿಯನ್ನು ಪಡೆದ ನಾಲ್ವರ ವರ್ಗವದು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಳ ಭಾಂಡಾರಕರ, ವಾಮನ ಆಬಾಜಿ ಮೋಡಕ, ಬಾಳ ಮಂಗೇಶ ವಾಗ್ಳೆ ಇವರೇ ಆ ನಾಲ್ವರು. ಮೊದಲಿನ ಇಬ್ಬರ ಹೆಸರುಗಳನ್ನು ಕೇಳದ ಅಧ್ಯಾಪಕನಿಲ್ಲ. ಕಡೆಯ ಇಬ್ಬರ ಹೆಸರುಗಳನ್ನು ಕೇಳಿದವರು ವಿರಳ. ಈ ವ್ಯತ್ಯಾಸವೇ ನಮ್ಮ ಆಲೋಚನೆಗೆ ವಿಷಯ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಶಾಲೆಗಳು ಬಹುಕಾಲ ಮುಂಬಯಿ ಇಲಾಖೆಯ ವಿದ್ಯಾಪದ್ಧತಿಯ ನೆರಳಿನಲ್ಲಿಯೇ ಬೆಳೆದವು. ಧಾರವಾಡ, ಬೆಳಗಾವಿ, ವಿಜಾಪುರಗಳ ಹುಡುಗರಂತೆ ಇಲ್ಲಿಯ ಹುಡುಗರೂ ಕಟ್ಟುತ್ತಿದ್ದುದು ಮುಂಬಯಿಯ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಗೆ. ಕಾಸರಗೋಡು, ಆದವಾನಿ, ರಾಯದುರ್ಗದ ಕಡೆಯವರಿಗೆ ಮದರಾಸು ಹೇಗೋ ನಮಗೆ ಮುಂಬಯಿ ಹಾಗೆ. ಆದುದರಿಂದ ಆ ನಾಲ್ವರ ಕಥೆ ದೂರದ ಊರಿನ ಕಥೆಯಲ್ಲ.

ವಿಶ್ವವಿದ್ಯಾಲಯದ ಹುಟ್ಟು

1857 ಭಾರತದ ಇತಿಹಾಸದಲ್ಲಿ ದಂಗೆಯ ವರ್ಷವೆಂದು ಪ್ರಸಿದ್ಧವಾಗಿದೆ. ಅದೇ ವರ್ಷ ಮೂರು ವಿಶ್ವವಿದ್ಯಾಲಯಗಳೂ ಹುಟ್ಟಿದವು. ಜನವರಿ 24ರಂದು ಕಲಕತ್ತೆಯದು, ಜುಲೈ 18ರಂದು ಮುಂಬಯಿಯದು, ಸಪ್ಟೆಂಬರ 5ರಂದು ಮದರಾಸಿನದು ಕಾಯಿದೆಯ ಮೂಲಕ ಸ್ಥಾಪಿತವಾದವು. ಇವು ಲಂಡನ್ ವಿಶ್ವವಿದ್ಯಾಲಯದ ಮಾದರಿಯನ್ನು ಅನುಸರಿಸಿದ್ದುವು. ಪಾಠ ಹೇಳುವ ಕೆಲಸ ಕಾಲೇಜುಗಳದು; ಪರೀಕ್ಷೆ ನಡೆಸಿ ಪದವಿ ಕೊಡುವುದಷ್ಟೇ ವಿಶ್ವವಿದ್ಯಾಲಯದ ಕೆಲಸ.

ಕಲಕತ್ತೆ, ಮದರಾಸುಗಳಲ್ಲಿ ಪದವಿ ಪರೀಕ್ಷೆ ಬೇಗನೆ ನಡೆಯಿತು. 1858ರಲ್ಲಿ ಎರಡೂ ಕಡೆ ಇಬ್ಬಿಬ್ಬರು ಬಿ.ಎ. ಪಾಸಾದರು. ಕಲಕತ್ತೆಯ ಇಬ್ಬರಲ್ಲಿ ಒಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು, ಇನ್ನೊಬ್ಬರು ಯದುನಾಥ ಬಸು. ಅವರಿಗೂ ಕೃಪಾಂಕ ಕೊಟ್ಟು ಮೇಲೆತ್ತಬೇಕಾಯಿತೆಂದರೆ ಪರೀಕ್ಷೆಯ ಬಿಗುವನ್ನು ಊಹಿಸಬಹುದು. ಮದರಾಸಿನ ಇಬ್ಬರು ಯಾಳ್ಪಾಣದಿಂದ ಬಂದ ತಮಿಳರು. ಅವರಲ್ಲಿ ದಾಮೋದರಂ ಪಿಳ್ಳೆಯವರು ಮುಂದೆ ಹಳೆಯ ತಮಿಳು ಗ್ರಂಥಗಳನ್ನು ಓಲೆಯಿಂದ ಅಚ್ಚಿಗೆ ತಂದ ಪುಣ್ಯಾತ್ಮರು. ಮೊದಲ ಪದವೀಧರರಲ್ಲಿ ಒಬ್ಬರು ಬಂಗಾಳಿ ಕಾದಂಬರಿಗೆ, ಇನ್ನೊಬ್ಬರು ತಮಿಳಿನ ಹಳೆಯ ಸಾಹಿತ್ಯಕ್ಕೆ ಜೀವ ತುಂಬಿದರೆಂಬುದು ಗಮನಿಸತಕ್ಕ ಸಂಗತಿ. ಇಂಗ್ಲಿಷ್ ವಿದ್ಯೆಯನ್ನು ಮೊದಲು ಮುಗಿಸಿದವರೇ ತಾಯ್ನುಡಿಯ ಕಡೆಗೆ ಮೊದಲು ತಿರುಗಿದರು.

ಮುಂಬಯಿಯಲ್ಲಿ ಮೊದಲ ಪ್ರವೇಶ ಪರೀಕ್ಷೆ ನಡೆದದ್ದು 1859ರಲ್ಲಿ. ಇಡೀ ಇಲಾಖೆಯಿಂದ ನೂರಕ್ಕೂ ಮಿಕ್ಕಿ ಹುಡುಗರು ಕುಳಿತರು. ಇಪ್ಪತ್ತರ ಸುಮಾರಿನವರು ಪಾಸಾದರು. ಸಿಂಧದಿಂದ ಧಾರವಾಡದವರೆಗೆ ಹಬ್ಬಿದ್ದ ಇಲಾಖೆಗೆ ಇದೇ ಮೊದಲ ಬೆಳೆ. ಅವರಲ್ಲಿ ಮುಂದಿನ ಮೆಟ್ಟಿಲುಗಳನ್ನು ಹತ್ತಿ 1862ರಲ್ಲಿ ಬಿ.ಎ. ಆದವರು ನಾಲ್ವರು ಮಾತ್ರ.

ಶಾಲೆ

ಈ ನಾಲ್ವರನ್ನು ರೂಪಿಸಿದ ಎಲ್ಫಿನ್‌ಸ್ಟನ್ ಸಂಸ್ಥೆಯ ಬೇರು 1820ರ ದಶಕದ್ದು. ಮುಂಬಯಿಯ ಗವರ್ನರರಾಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನರು 1827ರಲ್ಲಿ ಹುದ್ದೆಯನ್ನು ಬಿಟ್ಟು ಹೊರಟಾಗ, ಅವರ ನೆನಪಿಗಾಗಿ ಊರಿನ ಜನ ವಂತಿಗೆ ಕೂಡಿಸಿ ಅಧ್ಯಾಪಕ ಪೀಠಗಳಿಗೆ ನಿಧಿಯನ್ನು ಸ್ಥಾಪಿಸಿದರು. ಅದರಿಂದ ಬೆಳೆದ ಸಂಸ್ಥೆ 1856ರಲ್ಲಿ ಹೈಸ್ಕೂಲು, ಕಾಲೇಜು ಎಂದು ಎರಡಾಯಿತು. ಅಲ್ಲಿಯವರೆಗೆ ಚಿಕ್ಕ ಹುಡುಗನೂ ದೊಡ್ಡ ವಿದ್ಯಾರ್ಥಿಯೂ ಒಂದೇ ಸಂಸ್ಥೆಯವರು. ಇಂದಿನ ಅರ್ಥದಲ್ಲಿ ಶಾಲೆ ಎಲ್ಲಿ ಮುಗಿಯಿತು, ಕಾಲೇಜು ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಒಂದು ಮಾತು ಸ್ಪಷ್ಟ: ಅದು ಗಂಡುಹುಡುಗರ ಶಾಲೆ.

ಆದರೂ ಆ ಶಾಲೆಯ ಗಾಳಿಯಲ್ಲಿ ಬೇರೊಂದು ವಿಚಾರವೂ ಇತ್ತು. ಸಂಸ್ಥೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ 1848ರಲ್ಲಿ ಒಂದು ಸಾಹಿತ್ಯ ಮತ್ತು ವಿಜ್ಞಾನ ಮಂಡಳಿಯನ್ನು ಕಟ್ಟಿದರು. ಮರುವರ್ಷವೇ ಅದರ ಸದಸ್ಯರು ಖಾಸಗಿ ಮನೆಗಳಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದು, ಬೆಳಗಿನ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ತಾವೇ ಪಾಠ ಹೇಳಿದರು. ಅವರ ಮುಂದಾಳುಗಳಲ್ಲಿ ಒಬ್ಬರು ದಾದಾಭಾಯಿ ನವರೋಜಿ. ಮುಂದೆ ಅವರು ಅದೇ ಸಂಸ್ಥೆಯಲ್ಲಿ ಗಣಿತದ ಪ್ರಾಧ್ಯಾಪಕರಾದರು. ಆ ಸ್ಥಾನಕ್ಕೆ ಏರಿದ ಮೊದಲ ಭಾರತೀಯರೂ ಅವರೇ. 1855ರಲ್ಲಿ ಅವರು ವಿಲಾಯತಿಗೆ ಹೊರಡುವ ಮುನ್ನ ಅವರಲ್ಲಿ ಪಾಠ ಕೇಳಿದವರಲ್ಲಿ ಭಾಂಡಾರಕರರೂ ಒಬ್ಬರು.

ಇನ್ನೊಬ್ಬ ಗುರುಗಳು ಸರ್ ಅಲೆಗ್ಝಾಂಡರ ಗ್ರ್ಯಾಂಟರು. ಇತಿಹಾಸ ಮತ್ತು ಅರ್ಥಶಾಸ್ತ್ರಗಳ ಪ್ರಾಧ್ಯಾಪಕರಾಗಿ ಬಂದು ಪ್ರಿನ್ಸಿಪಾಲರಾದ ಅವರು ತರುವಾಯ ಇಲಾಖೆಯ ವಿದ್ಯಾಖಾತೆಯ ಡೈರೆಕ್ಟರರೂ, ಕೊನೆಗೆ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಿನ್ಸಿಪಾಲರೂ ಆದರು. ರಾನಡೆಯವರ ಚರಿತ್ರಕಾರರು ಒಂದು ಪ್ರಸಂಗವನ್ನು ಹೇಳುತ್ತಾರೆ. ವಿದ್ಯಾರ್ಥಿ ರಾನಡೆ ತಮ್ಮ ಒಂದು ಪ್ರಬಂಧದಲ್ಲಿ ಮರಾಠರ ಆಳ್ವಿಕೆಯನ್ನು ಮೆಚ್ಚಿ ಇಂಗ್ಲಿಷರ ಆಳ್ವಿಕೆಯನ್ನು ತೆಗಳಿದರಂತೆ. ಗ್ರ್ಯಾಂಟರು ಅವರನ್ನು ಕರೆಸಿ ಬುದ್ಧಿ ಹೇಳಿದ್ದಲ್ಲದೆ ಆರು ತಿಂಗಳು ಅವರ ವಿದ್ಯಾರ್ಥಿವೇತನವನ್ನು ತಡೆಹಿಡಿದರಂತೆ. ಶಿಷ್ಯನು ಗುರುವಿನ ಮೇಲೆ ಹಗೆ ಸಾಧಿಸಲಿಲ್ಲ, ತನ್ನ ವಿಷಯವನ್ನೂ ಬಿಡಲಿಲ್ಲ. ಮರಾಠರ ಅಭ್ಯುದಯವನ್ನು ಕುರಿತ ಅವರ ಗ್ರಂಥ ಹೊರಬಂದದ್ದು 1900ರಲ್ಲಿ. ವಿದ್ಯಾರ್ಥಿಯಾಗಿದ್ದಾಗ ಹಿಡಿದ ವಿಚಾರವನ್ನು ಸುಮಾರು 40 ವರ್ಷಗಳ ಕಾಲ ಅವರು ಮಾಗಲು ಬಿಟ್ಟಿದ್ದರು.

ನಾಲ್ವರು

ಈ ನಾಲ್ವರೂ ಒಂದೇ ವಯಸ್ಸಿನವರಲ್ಲ. ಭಾಂಡಾರಕರರು ಹುಟ್ಟಿದ್ದು 1837ರ ಜುಲೈ 6ರಂದು, ಕೊಂಕಣದ ಮಾಲವಣದಲ್ಲಿ. ರಾನಡೆಯವರು ಹುಟ್ಟಿದ್ದು 1842ರ ಜನವರಿ 18ರಂದು, ನಾಶಿಕ ಜಿಲ್ಲೆಯ ನಿಫಾಡದಲ್ಲಿ. ಪದವಿ ಪಡೆದಾಗ ಒಬ್ಬರಿಗೆ 24 ತುಂಬಿತ್ತು, ಇನ್ನೊಬ್ಬರಿಗೆ 20. ವಿಶ್ವವಿದ್ಯಾಲಯ ಹುಟ್ಟುವ ಮೊದಲೇ ಭಾಂಡಾರಕರರು ಸಂಸ್ಥೆಯ ಪಾಠಗಳನ್ನು ಬಹುಮಟ್ಟಿಗೆ ಮುಗಿಸಿದ್ದರು. ಪೇಶವೆಯರ ಕಾಲದಲ್ಲಿ ಶಾಸ್ತ್ರಿಗಳಿಗೆ ಹಂಚಲಾಗುತ್ತಿದ್ದ ದಕ್ಷಿಣೆಯ ಹಣವನ್ನು ಇಂಗ್ಲಿಷ್ ಸರಕಾರ ವಿದ್ಯಾಭ್ಯಾಸಕ್ಕೆ ತಿರುಗಿಸಿ, ದಕ್ಷಿಣಾ ಫೆಲೋಶಿಪ್ ಎಂಬ ಹೆಸರಿನಲ್ಲಿ ಕೊಡುತ್ತಿತ್ತು. ಆ ವೇತನ ಪಡೆದು ಕಲಿಯುತ್ತ ಕಲಿಸುತ್ತ ಇದ್ದಾಗ ಹೊಸ ಪದವಿಯ ಬಾಗಿಲು ತೆರೆಯಿತು. ಕಿರಿಯರೊಡನೆ ಕುಳಿತು ಪರೀಕ್ಷೆ ಕೊಡಲು ಅವರು ಸಂಕೋಚಪಡಲಿಲ್ಲ.

ರಾನಡೆಯವರ ತಂದೆ ಕೊಲ್ಲಾಪುರ ಸಂಸ್ಥಾನದ ಚಾಕರಿಯಲ್ಲಿದ್ದರು. ಮಗನ ಮರಾಠಿ ಶಾಲೆ, ಮೊದಲ ಇಂಗ್ಲಿಷ್ ಶಾಲೆ ಎರಡೂ ಕೊಲ್ಲಾಪುರದಲ್ಲಿಯೇ ಆದವು. ಹದಿನಾಲ್ಕರ ಸುಮಾರಿನಲ್ಲಿ ಮುಂಬಯಿಗೆ ಬಂದ ಹುಡುಗ ಓದಿದ ಪರಿ ಎಂತಹದೆಂದರೆ, ಎಡೆಬಿಡದ ಓದಿನಿಂದ ಕಣ್ಣುಗಳೇ ಕೆಟ್ಟವು. 1864ರಲ್ಲಿ ಎಂ.ಎ., 1866ರಲ್ಲಿ ಎಲ್‌ಎಲ್.ಬಿ. ಆದವು. ಇಲ್ಲಿಂದ ಮುಂದಿನ ಒಂದು ಸಂಗತಿ ನಮ್ಮ ಸೀಮೆಯವರಿಗೆ ಆಪ್ತವಾದದ್ದು. 1868ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿಗೆ ಇಂಗ್ಲಿಷ್ ಪ್ರಾಧ್ಯಾಪಕರಾಗಿ ಹೋಗುವ ಮೊದಲು ಅವರು ಅಕ್ಕಲಕೋಟೆ ಸಂಸ್ಥಾನದಲ್ಲಿ ಕೆಲಕಾಲ ಕಾರಭಾರಿಗಳಾಗಿಯೂ, ತರುವಾಯ ಕೊಲ್ಲಾಪುರದಲ್ಲಿ ನ್ಯಾಯಾಧೀಶರಾಗಿಯೂ ಕೆಲಸ ಮಾಡಿದರು. ಮೈಂದರ್ಗಿ, ದುಧನಿ, ನಾಗಣಸೂರ, ಕರಜಗಿಗಳ ಕನ್ನಡ ಮಾತು ಕಿವಿಗೆ ಬೀಳುವ ಆ ಸಂಸ್ಥಾನದ ಕಚೇರಿಯಲ್ಲಿ ಮುಂಬಯಿಯ ಮೊದಲ ಪದವೀಧರರಲ್ಲಿ ಒಬ್ಬರು ಕುಳಿತಿದ್ದರೆಂಬುದನ್ನು ನಮ್ಮ ಶಾಲೆಗಳ ಹುಡುಗರಿಗೆ ನಾವು ಹೇಳಬೇಕು.

1871ರಿಂದ ಅವರ ಜೀವನ ನ್ಯಾಯಖಾತೆಯಲ್ಲಿ ಸಾಗಿತು. ಪುಣೆಯ ಸಾರ್ವಜನಿಕ ಸಭೆಗೆ ಅವರು ಬೆನ್ನೆಲುಬಾದರು. 1887ರಲ್ಲಿ ಸಾಮಾಜಿಕ ಪರಿಷತ್ತು ಅವರಿಂದ ರೂಪುಗೊಂಡಿತು. 1893ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿ, ಅದೇ ಹುದ್ದೆಯಲ್ಲಿರುವಾಗಲೇ 1901ರ ಜನವರಿ 16ರಂದು ತೀರಿಕೊಂಡರು. ಅವರ ಜೀವನದಲ್ಲಿ ಟೀಕೆಗೆ ಒಳಗಾದ ಘಟನೆಯೂ ಉಂಟು. ವಿಧವಾ ವಿವಾಹವನ್ನು ಬೋಧಿಸಿದವರು 1873ರಲ್ಲಿ ತಮ್ಮ ಪತ್ನಿ ತೀರಿಕೊಂಡಾಗ, ತಂದೆಯ ಒತ್ತಾಯಕ್ಕೆ ಮಣಿದು ಚಿಕ್ಕ ಬಾಲಿಕೆಯೊಬ್ಬಳನ್ನು ವರಿಸಿದರು. ಆ ಬಾಲಿಕೆಯೇ ರಮಾಬಾಯಿ. ಗಂಡನೇ ಅಕ್ಷರ ಕಲಿಸಿದ ಆಕೆ ಪುಣೆಯ ಸೇವಾಸದನವನ್ನು ಬೆಳೆಸಿದ ಹಿರಿಯ ಸೇವಕಿಯಾದರು. ತಪ್ಪನ್ನು ಮರೆಮಾಚದೆ, ಅದರಿಂದ ಬೆಳೆದ ಒಳಿತನ್ನೂ ಬಿಡದೆ ಹೇಳುವುದೇ ಚರಿತ್ರಕಾರನ ಧರ್ಮ.

ಭಾಂಡಾರಕರರು ನಮ್ಮ ವೃತ್ತಿಯವರು. ಎಂ.ಎ. ಆದ ಮೇಲೆ ಸಿಂಧದ ಹೈದರಾಬಾದಿನ ಹೈಸ್ಕೂಲಿಗೂ, ತರುವಾಯ ತಾವು ಬಾಲ್ಯದಲ್ಲಿ ಕಲಿತ ರತ್ನಾಗಿರಿಯ ಹೈಸ್ಕೂಲಿಗೂ ಅವರು ಮುಖ್ಯಾಧ್ಯಾಪಕರಾದರು. ಈ ಕಾಲದಲ್ಲಿಯೇ ಹುಡುಗರಿಗಾಗಿ ಸಂಸ್ಕೃತದ ಮೊದಲ ಮತ್ತು ಎರಡನೆಯ ಪುಸ್ತಕಗಳನ್ನು ಬರೆದರು. ಮುಂದೆ ಅನೇಕ ತಲೆಮಾರುಗಳ ಕಾಲ ಇಲಾಖೆಯ ಹೈಸ್ಕೂಲುಗಳಲ್ಲಿ, ನಮ್ಮ ಕನ್ನಡ ಜಿಲ್ಲೆಗಳಲ್ಲಿಯೂ, ಸಂಸ್ಕೃತವೆಂದರೆ ಭಾಂಡಾರಕರರ ಪುಸ್ತಕವೆಂದೇ ಆಗಿತ್ತು. ಪಂಡಿತರು ವರ್ಷಗಟ್ಟಲೆ ಬಾಯಿಪಾಠದಿಂದ ಕಲಿಸುತ್ತಿದ್ದ ವ್ಯಾಕರಣವನ್ನು ಶಾಲೆಯ ಗಂಟೆಗೂ ವೇಳಾಪತ್ರಿಕೆಗೂ ಹೊಂದುವಂತೆ ಪಾಠಪಾಠವಾಗಿ ವಿಂಗಡಿಸಿದ್ದು ಅವರ ಜಾಣ್ಮೆ. ಮುಖ್ಯಾಧ್ಯಾಪಕರಲ್ಲದವರಿಗೆ ಆ ಜಾಣ್ಮೆ ಹೊಳೆಯುತ್ತಿತ್ತೆಂದು ನನಗೆ ತೋರುವುದಿಲ್ಲ.

ಮುಂದೆ ಅವರು ಎಲ್ಫಿನ್‌ಸ್ಟನ್ ಮತ್ತು ಡೆಕ್ಕನ್ ಕಾಲೇಜುಗಳಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು. 1884ರಲ್ಲಿ ದಖ್ಖಣದ ಪ್ರಾಚೀನ ಇತಿಹಾಸವನ್ನು ಮುಂಬಯಿ ಗೆಝೆಟಿಯರಿಗಾಗಿ ಬರೆದರು. ಬಾದಾಮಿಯ ಚಾಲುಕ್ಯರು, ಮಾನ್ಯಖೇಟದ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ದೇವಗಿರಿಯ ಯಾದವರು ಇವರೆಲ್ಲರ ಕಥೆ ಅಲ್ಲಿ ಒಂದು ಸೂತ್ರದಲ್ಲಿ ಸೇರಿತು. ಅದಕ್ಕೆ ಎರಡು ವರ್ಷ ಮೊದಲು ಫ್ಲೀಟರು ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ರಾಜಮನೆತನಗಳನ್ನು ಶಾಸನಗಳ ಆಧಾರದಿಂದ ವಿವರಿಸಿದ್ದರು. ಈ ಇಬ್ಬರ ಬರವಣಿಗೆಯಿಂದ ಕರ್ನಾಟಕದ ಇತಿಹಾಸಕ್ಕೆ ಗಟ್ಟಿಯಾದ ನೆಲಗಟ್ಟು ದೊರೆಯಿತು. ಮಳಖೇಡವೂ ಕಲ್ಯಾಣವೂ ಅಕ್ಕಲಕೋಟೆಗೆ ನೆರೆಯ ಜಿಲ್ಲೆಗಳಲ್ಲಿರುವ ಊರುಗಳು. ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಮಾಲವಣದಲ್ಲಿ ಹುಟ್ಟಿದ ಮರಾಠಿ ವಿದ್ವಾಂಸರು ಈ ಸೀಮೆಯ ಕನ್ನಡ ಅರಸರ ಕಥೆಯನ್ನು ಭೇದಭಾವವಿಲ್ಲದೆ ಬರೆದರೆಂಬುದನ್ನು ಗಡಿಯ ಎರಡೂ ಕಡೆಯವರು ನೆನೆಯಬೇಕು.

1893ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ಒಬ್ಬ ಸಹಪಾಠಿ ಹೈಕೋರ್ಟಿನ ಪೀಠವನ್ನೇರಿದ ವರ್ಷವೇ ಇನ್ನೊಬ್ಬರು, ತಮಗೆ ಮೊದಲ ಪದವಿಯನ್ನು ಕೊಟ್ಟ ವಿಶ್ವವಿದ್ಯಾಲಯದ ಹೊಣೆಯನ್ನು ಹೊತ್ತರು. ನುಡಿದಂತೆ ನಡೆಯುವುದರಲ್ಲಿ ಭಾಂಡಾರಕರರು ರಾನಡೆಯವರಿಗಿಂತ ಒಂದು ಹೆಜ್ಜೆ ಮುಂದೆ. 1891ರಲ್ಲಿ ತಮ್ಮ ವಿಧವೆಯಾದ ಮಗಳಿಗೆ ಮರುಮದುವೆ ಮಾಡಿ, ಜಾತಿಬಾಂಧವರ ರೋಷವನ್ನು ಸಹಿಸಿದರು. 1917ರ ಜುಲೈ 6ರಂದು, ಅವರಿಗೆ 80 ತುಂಬಿದ ದಿನ, ಪುಣೆಯಲ್ಲಿ ಅವರ ಹೆಸರಿನ ಪ್ರಾಚ್ಯ ಸಂಶೋಧನ ಮಂದಿರ ಸ್ಥಾಪಿತವಾಯಿತು. ಅವರು ತೀರಿಕೊಂಡದ್ದು 1925ರ ಆಗಸ್ಟ್ 24ರಂದು.

ಮೂರನೆಯವರು ವಾಮನ ಆಬಾಜಿ ಮೋಡಕರು. ಇವರೂ ವಿದ್ಯಾಖಾತೆಯವರು. ಯುರೋಪಿಯನ್ನರಿಗೇ ಮೀಸಲೆಂಬಂತಿದ್ದ ಎಲ್ಫಿನ್‌ಸ್ಟನ್ ಹೈಸ್ಕೂಲಿನ ಪ್ರಿನ್ಸಿಪಾಲ ಸ್ಥಾನಕ್ಕೆ ಏರಿದ ಭಾರತೀಯರಿವರು. ತಾನು ಕಲಿತ ಸಂಸ್ಥೆಯ ಮುಖ್ಯಸ್ಥನಾಗಿ ಅದೇ ಮೆಟ್ಟಿಲುಗಳನ್ನು ಹತ್ತುವ ಭಾಗ್ಯ ಎಲ್ಲರಿಗೂ ದೊರೆಯುವುದಿಲ್ಲ. 1897ರಲ್ಲಿ ಅವರು ತೀರಿಕೊಂಡರು. ರಾನಡೆಯವರಂತೆ ಭಾಷಣಗಳ ಸಂಪುಟ, ಭಾಂಡಾರಕರರಂತೆ ಗ್ರಂಥಾವಳಿ ಇವರ ಹೆಸರಿನಲ್ಲಿಲ್ಲ. ಶಾಲೆ ನಡೆಸಿದವನ ಕೆಲಸ ಹುಡುಗರ ಬಾಳಿನಲ್ಲಿ ಕರಗಿಹೋಗುತ್ತದೆ. ಪುಸ್ತಕದ ಬೆನ್ನಿನ ಮೇಲೆ ಅಚ್ಚಾಗುವುದಿಲ್ಲ. ನಮ್ಮ ವೃತ್ತಿಯ ಬಹುಮಂದಿಯ ಗತಿ ಇದೇ ಆದುದರಿಂದ, ನಾಲ್ವರಲ್ಲಿ ಮೋಡಕರೇ ನಮಗೆ ಹತ್ತಿರದವರೆಂದು ಹೇಳಬಹುದು.

ನಾಲ್ಕನೆಯವರು ಬಾಳ ಮಂಗೇಶ ವಾಗ್ಳೆಯವರು. ಎಂ.ಎ., ಎಲ್‌ಎಲ್.ಬಿ. ಮುಗಿಸಿ ಮುಂಬಯಿ ಹೈಕೋರ್ಟಿನಲ್ಲಿ ವಕೀಲಿಯನ್ನು ಹಿಡಿದರು. ಆ ಕೋರ್ಟು ಹುಟ್ಟಿದ್ದೂ ಇವರು ಪದವಿ ಪಡೆದ 1862ರಲ್ಲಿಯೇ. ಅಲ್ಲಿಯ ಮೂಲದಾವೆಗಳ ವಿಭಾಗದಲ್ಲಿ ವಾದಿಸುವ ಹಕ್ಕು ಆಗ ವಿಲಾಯತಿಯಿಂದ ಬ್ಯಾರಿಸ್ಟರಾಗಿ ಬಂದ ಇಂಗ್ಲಿಷರ ಕೈಯಲ್ಲಿತ್ತು. ಈ ದೇಶದ ಪದವಿಯ ಬಲದಿಂದ ಆ ವಿಭಾಗದಲ್ಲಿ ಅಡ್ವೊಕೇಟರಾಗಿ ನಿಂತ ಮೊದಲಿಗರಲ್ಲಿ ವಾಗ್ಳೆಯವರ ಹೆಸರು ಬರುತ್ತದೆ. ಮೊದಲಿಗನು ಬಾಗಿಲನ್ನು ತೆರೆಯುತ್ತಾನೆ. ತರುವಾಯ ನೂರಾರು ಜನ ಅದರೊಳಗೆ ಹೋಗುತ್ತಾರೆ. ತೆರೆದವನ ಹೆಸರು ಯಾರಿಗೂ ನೆನಪಿರುವುದಿಲ್ಲ.

ಉಳಿದುಬಂದ ಒಡನಾಟ

ಪರೀಕ್ಷೆಯ ಪಟ್ಟಿಯಲ್ಲಿ ಕೂಡಿಬಂದ ನಾಲ್ಕು ಹೆಸರುಗಳು ಜೀವನದಲ್ಲಿಯೂ ಕೂಡಿಯೇ ಬಂದವೆಂಬುದು ಈ ವರ್ಗದ ವಿಶೇಷ. 1867ರಲ್ಲಿ ಮುಂಬಯಿಯಲ್ಲಿ ಡಾಕ್ಟರ ಆತ್ಮಾರಾಮ ಪಾಂಡುರಂಗರ ನೇತೃತ್ವದಲ್ಲಿ ಪ್ರಾರ್ಥನಾ ಸಮಾಜ ಹುಟ್ಟಿದಾಗ ವಾಗ್ಳೆಯವರು ಅದರ ಮೊದಲಿಗರಲ್ಲಿದ್ದರು. ಉಳಿದ ಮೂವರೂ ಅದರ ಕೆಲಸದಲ್ಲಿ ಕೂಡಿಕೊಂಡರು. ಒಬ್ಬರು ನ್ಯಾಯಾಸನದಿಂದ, ಒಬ್ಬರು ಗ್ರಂಥಾಲಯದಿಂದ, ಒಬ್ಬರು ಶಾಲೆಯಿಂದ, ಒಬ್ಬರು ಕೋರ್ಟಿನಿಂದ ಬಂದು ಒಂದೇ ಪ್ರಾರ್ಥನಾ ಮಂದಿರಕ್ಕೆ ಸೇರಿದವರು.

ಅದಕ್ಕಿಂತ ಮುಖ್ಯವಾದದ್ದು 1884ರ ಸಂಗತಿ. ಆ ವರ್ಷ ಪುಣೆಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲೊಂದು ತೆರೆಯಿತು. ಅದಿದ್ದ ಜಾಗದಿಂದ ಹುಜೂರಪಾಗಾ ಎಂದು ಜನರ ಬಾಯಲ್ಲಿ ಪ್ರಸಿದ್ಧವಾದ ಶಾಲೆಯದು. ಅದನ್ನು ಕಟ್ಟಿದವರಲ್ಲಿ ರಾನಡೆ, ಭಾಂಡಾರಕರ, ಮೋಡಕ ಈ ಮೂವರೂ ಇದ್ದಾರೆ. ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಉಚ್ಚ ಶಿಕ್ಷಣ ತಕ್ಕದ್ದಲ್ಲವೆಂದು ತಿಲಕರ ಪತ್ರಿಕೆಗಳು ಅದರ ಪಠ್ಯಕ್ರಮವನ್ನು ಕಟುವಾಗಿ ವಿರೋಧಿಸಿದವು. ಶಾಲೆ ನಿಂತಿತು. ಗಂಡುಹುಡುಗರ ಶಾಲೆಯೊಂದರ ಮೊದಲ ವರ್ಗದವರು ಪದವಿ ಪಡೆದ 22 ವರ್ಷಗಳ ಮೇಲೆ ಮತ್ತೆ ಒಟ್ಟುಗೂಡಿ ಹೆಣ್ಣುಮಕ್ಕಳಿಗಾಗಿ ಶಾಲೆ ಕಟ್ಟಿದರು. ತಮ್ಮ ವರ್ಗದಲ್ಲಿ ಯಾರು ಇರಲಿಲ್ಲವೆಂಬುದನ್ನು ಅವರು ಮರೆತಿರಲಿಲ್ಲವೆಂದೇ ಇದರ ಅರ್ಥ.

ಭಾಷೆಯ ವಿಷಯದಲ್ಲಿಯೂ ಈ ವರ್ಗಕ್ಕೆ ನಾವು ಋಣಿಗಳು. ಮುಂಬಯಿ ವಿಶ್ವವಿದ್ಯಾಲಯದ ಆರಂಭದಲ್ಲಿ ಮರಾಠಿ, ಗುಜರಾತಿ, ಕನ್ನಡಗಳಿಗೆ ಪರೀಕ್ಷೆಗಳಲ್ಲಿ ಸ್ಥಾನವಿತ್ತು. 1860ರ ದಶಕದಲ್ಲಿ ಉಚ್ಚ ಪರೀಕ್ಷೆಗಳಿಂದ ಈ ಭಾಷೆಗಳು ಹೊರಬಿದ್ದವು. ಆ ಜಾಗದಲ್ಲಿ ಸಂಸ್ಕೃತ, ಲ್ಯಾಟಿನ್ ಮುಂತಾದ ಶಾಸ್ತ್ರೀಯ ಭಾಷೆಗಳು ಕುಳಿತವು. ದೇಶಭಾಷೆಗಳಲ್ಲಿ ಓದತಕ್ಕ ಸಾಹಿತ್ಯವಿಲ್ಲವೆಂಬುದು ಆಗಿನ ವಾದ. ರಾನಡೆಯವರು ಈ ವಾದವನ್ನು ಒಪ್ಪಲಿಲ್ಲ. ಮರಾಠಿ ಸಾಹಿತ್ಯದ ಬೆಳವಣಿಗೆಯನ್ನು ಕುರಿತು 1898ರಲ್ಲಿ ವಿವರವಾದ ಟಿಪ್ಪಣಿಯನ್ನು ಬರೆದರು. ದೇಶಭಾಷೆಗಳು ಮರಳಿ ಬರಬೇಕೆಂದು ವಿಶ್ವವಿದ್ಯಾಲಯದ ಸೆನೆಟ್ಟಿನಲ್ಲಿ ಪಟ್ಟುಹಿಡಿದರು. ಅವರ ಬಾಳಿನ ಕಡೆಯ ಹೊತ್ತಿಗೆ ಎಂ.ಎ. ಪರೀಕ್ಷೆಯಲ್ಲಿ ಮರಾಠಿ, ಗುಜರಾತಿಗಳ ಜೊತೆಗೆ ಕನ್ನಡಕ್ಕೂ ಎಡೆ ದೊರೆಯಿತು. ಮರಾಠಿಗಾಗಿ ಹೋರಾಡಿದವರ ಗೆಲುವಿನಲ್ಲಿ ಕನ್ನಡಕ್ಕೂ ಪಾಲು ಬಂದಿತು. ಇಂದು ಗಡಿಯ ಮಾತೆತ್ತಿದೊಡನೆ ಎರಡು ಭಾಷೆಗಳನ್ನು ಎದುರುಬದುರು ನಿಲ್ಲಿಸುವವರು ಈ ಸಂಗತಿಯನ್ನು ಅರಿತುಕೊಂಡರೆ ಒಳಿತು.

ಪಟ್ಟಿಯಲ್ಲಿ ಇಲ್ಲದವರು

ವರ್ಗವೊಂದನ್ನು ಕೊಂಡಾಡುವಾಗ ಅದರ ಬಾಗಿಲಾಚೆ ಉಳಿದವರನ್ನೂ ಎಣಿಸಬೇಕಾಗುತ್ತದೆ. ಈ ನಾಲ್ವರೂ ಬ್ರಾಹ್ಮಣ ಜಾತಿಗಳವರು. ಒಕ್ಕಲಿಗನ ಮಗ, ನೇಕಾರನ ಮಗ, ಅಸ್ಪೃಶ್ಯರೆನಿಸಿಕೊಂಡವರ ಮಗ ಆ ಪಟ್ಟಿಯಲ್ಲಿಲ್ಲ. 1882ರ ಹಂಟರ್ ಆಯೋಗದ ಮುಂದೆ ಜೋತಿರಾವ ಫುಲೆಯವರು ಇಟ್ಟ ಅಹವಾಲಿನ ತಿರುಳು ಇದೇ. ಸರಕಾರದ ಬೊಕ್ಕಸ ತುಂಬುವುದು ರೈತನ ಕಂದಾಯದಿಂದ. ವೆಚ್ಚವಾಗುವುದು ಮೇಲಿನ ವರ್ಗದವರ ಉಚ್ಚ ಶಿಕ್ಷಣಕ್ಕೆ. ಮೊದಲು ಹಳ್ಳಿಯ ಪ್ರಾಥಮಿಕ ಶಾಲೆಗೆ ಹಣ ಕೊಡಿರೆಂದು ಅವರು ವಾದಿಸಿದರು. ರಾನಡೆ, ಭಾಂಡಾರಕರರ ಹಿರಿಮೆಯನ್ನು ಈ ಮಾತು ಕಡಿಮೆ ಮಾಡುವುದಿಲ್ಲ. ಅವರ ಪದವಿಯ ಬೆಲೆಯನ್ನು ಯಾರು ತೆತ್ತರೆಂಬುದನ್ನು ಮಾತ್ರ ಅದು ನೆನಪಿಸುತ್ತದೆ. ಕನ್ನಡ ಜಿಲ್ಲೆಗಳಲ್ಲಿ ಈ ಕೊರತೆಯನ್ನು ತುಂಬಲು ತಡವಾಗಿ ಪ್ರಯತ್ನಗಳಾದವು. 1916ರಲ್ಲಿ ಬೆಳಗಾವಿಯಲ್ಲಿ, ಸಪ್ತರ್ಷಿಗಳೆಂದು ಹೆಸರಾದ ಏಳು ಜನ ಕೂಡಿ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದ್ದು ಅವುಗಳಲ್ಲಿ ದೊಡ್ಡದು.

ಪದವಿಯ ಪಟ್ಟಿಯಲ್ಲಿ ಹೆಸರಿಲ್ಲದೆಯೂ ನಾಡಿಗೆ ದುಡಿದವರ ಸಾಲು ದೊಡ್ಡದಿದೆ. ಡೆಪ್ಯುಟಿ ಚೆನ್ನಬಸಪ್ಪನವರನ್ನೇ ನೋಡಿರಿ. 1833ರಲ್ಲಿ ಹುಟ್ಟಿದ ಅವರು ರಾನಡೆಯವರಿಗಿಂತ ಹಿರಿಯರು. ಕನ್ನಡ ಹುಡುಗರಿಗೆ ಮರಾಠಿಯಲ್ಲಿ ಪಾಠ ನಡೆಯುತ್ತಿದ್ದ ಕಾಲದಲ್ಲಿ, ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿ, ಶಾಲಾ ತನಿಖೆಯ ಡೆಪ್ಯುಟಿಯಾಗಿ ಊರೂರು ಸುತ್ತಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದರು. ಶೇಕ್ಸ್‌ಪಿಯರನ ನಾಟಕವನ್ನು ‘ನಗದವರನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದರು. 1881ರಲ್ಲಿ ತೀರಿಕೊಂಡ ಅವರ ಹೆಸರಿನ ಮುಂದೆ ನಿಂತದ್ದು ಹುದ್ದೆಯ ಹೆಸರು, ಪದವಿಯದಲ್ಲ. ಕಾಸರಗೋಡಿನ ಕಡೆಗೆ ಬಂದರೆ ಮಂಜೇಶ್ವರದ ಗೋವಿಂದ ಪೈಗಳಿದ್ದಾರೆ. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರ ಶಿಷ್ಯರಾಗಿದ್ದ ಅವರು ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆಯವರ ಕಾರಣದಿಂದ ಊರಿಗೆ ಮರಳಬೇಕಾಯಿತು, ಪದವಿ ಪೂರ್ಣವಾಗಲಿಲ್ಲ. ಆದರೂ 1963ರಲ್ಲಿ ಅವರು ತೀರಿಕೊಂಡಾಗ ಕನ್ನಡ ಸಂಶೋಧನೆ ಒಬ್ಬ ಹಿರಿಯ ಪಂಡಿತನನ್ನೇ ಕಳೆದುಕೊಂಡಿತು. ಪರೀಕ್ಷೆಯ ಪಟ್ಟಿಯನ್ನಷ್ಟೇ ನಂಬಿ ಚರಿತ್ರೆ ಬರೆದರೆ ಇಂತಹವರು ಕೈತಪ್ಪಿಹೋಗುತ್ತಾರೆ.

ನಾವು ಮಾಡಬೇಕಾದ ಕೆಲಸ

ಮುಂಬಯಿಯ ಆ ನಾಲ್ವರ ವಿಷಯವಾಗಿ ಇಷ್ಟನ್ನಾದರೂ ಹೇಳಲು ಸಾಧ್ಯವಾದದ್ದು, ವಿಶ್ವವಿದ್ಯಾಲಯ ತನ್ನ ದಾಖಲೆಗಳನ್ನು ಇಟ್ಟುಕೊಂಡಿದ್ದರಿಂದ, ಚರಿತ್ರಕಾರರು ಬರೆದಿಟ್ಟದ್ದರಿಂದ. ಗಡಿಯ ಕನ್ನಡ ಶಾಲೆಗಳಿಗೆ ಈ ಅನುಕೂಲವಿಲ್ಲ. 1956ರ ನವಂಬರ 1ರಂದು ರಾಜ್ಯಗಳ ಗಡಿಗಳು ಬದಲಾದವು; 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಹುಟ್ಟಿತು. ಸಂಸ್ಥಾನದ ಕಾಗದಗಳು ಒಂದು ಕಡೆ, ಮುಂಬಯಿ ಸರಕಾರದವು ಇನ್ನೊಂದು ಕಡೆ, ಜಿಲ್ಲಾ ಸಂಸ್ಥೆಗಳವು ಮತ್ತೊಂದು ಕಡೆ ಚದುರಿದವು. ಶಾಲೆಯೊಳಗೆ ಉಳಿದ ಆಧಾರವೆಂದರೆ ಜನರಲ್ ರಜಿಸ್ಟರು. ಹುಡುಗನ ಹೆಸರು, ತಂದೆಯ ಹೆಸರು, ಊರು, ಮಾತೃಭಾಷೆ, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲವೂ ಅದರಲ್ಲಿ ಇರುತ್ತವೆ. ಒಂದು ವರ್ಗದ ಚರಿತ್ರೆಗೆ ಇದಕ್ಕಿಂತ ಒಳ್ಳೆಯ ಮೂಲ ಇನ್ನೊಂದಿಲ್ಲ.

ಆ ರಜಿಸ್ಟರನ್ನು ಓದುವಾಗ ಕೆಲವು ಎಚ್ಚರಿಕೆಗಳು ಬೇಕು. ಹುಟ್ಟಿದ ದಿನವೆಂದು ಬರೆದದ್ದು ಎಷ್ಟೋ ಸಲ ಮಾಸ್ತರರು ಅಂದಾಜಿನಿಂದ ಬರೆದ ಜೂನ್ ಒಂದನೆಯ ತಾರೀಖು ಆಗಿರುತ್ತದೆ. ಕನ್ನಡದ ಹೆಸರುಗಳು ಮರಾಠಿ ರೂಪ ತಾಳಿರುತ್ತವೆ. ಒಬ್ಬನೇ ಹುಡುಗ ಒಂದು ಪುಟದಲ್ಲಿ ಮನೆತನದ ಹೆಸರಿನಿಂದ, ಇನ್ನೊಂದರಲ್ಲಿ ಊರಿನ ಹೆಸರಿನಿಂದ ಕಾಣಿಸಿಕೊಳ್ಳುತ್ತಾನೆ. ಮಾತೃಭಾಷೆಯ ಕಲಮಿನಲ್ಲಿ ಬರೆದದ್ದೂ ಮನೆಯಲ್ಲಿ ಆಡುವುದೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಹೇಳುವುದು ಬಿಟ್ಟ ಕಾರಣದ ಕಲಮು. ‘ಪರ ಊರು’, ‘ಬಡತನ’, ‘ಸತತ ಗೈರುಹಾಜರಿ’ ಎಂಬ ಒಂದೆರಡು ಶಬ್ದಗಳ ಹಿಂದೆ ಬರಗಾಲದಲ್ಲಿ ಊರು ಬಿಟ್ಟ ಮನೆ, ಸೊಲ್ಲಾಪುರದ ಗಿರಣಿಗೆ ಹೋದ ಅಣ್ಣ, ಕಬ್ಬು ಕಡಿಯಲು ತಂದೆತಾಯಿಗಳ ಜೊತೆಗೆ ನಡೆದ ಮಗು ಇರುತ್ತಾರೆ. ಮ್ಯಾಟ್ರಿಕ್ ತಲುಪದೆ ಹೋದ ಈ ಹುಡುಗರೂ ಆ ವರ್ಗದವರೇ. ಇವರನ್ನು ಬಿಟ್ಟು ಬರೆದ ಚರಿತ್ರೆ ಅರ್ಧ ಚರಿತ್ರೆ.

ಆದುದರಿಂದ ನಮ್ಮ ಸಂಘದ ಅಧ್ಯಾಪಕ ಬಂಧುಗಳಲ್ಲಿ ಒಂದು ವಿನಂತಿ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿಯೂ, ಕಾಸರಗೋಡಿನಿಂದ ಮಡಕಶಿರದವರೆಗಿನ ಇತರ ಗಡಿಭಾಗಗಳಲ್ಲಿಯೂ ಕನ್ನಡ ಶಾಲೆ ನಡೆಸುತ್ತಿರುವ ಪ್ರತಿಯೊಬ್ಬರೂ ತಮ್ಮ ಶಾಲೆಯಿಂದ ಹೊರಬಿದ್ದ ಮೊದಲ ವರ್ಗವನ್ನು ಎತ್ತಿಕೊಳ್ಳಲಿ. ರಜಿಸ್ಟರಿನಿಂದ ಹೆಸರುಗಳನ್ನು ಇಳಿಸಿಕೊಳ್ಳಲಿ. ಊರಿನ ಹಿರಿಯರ ಬಳಿ ಕುಳಿತು, ಈ ಹೆಸರಿನವನು ಯಾರ ಮನೆಯವನು, ಎಲ್ಲಿಗೆ ಹೋದ, ಏನಾದ, ಅವನ ಮಕ್ಕಳು ಯಾವ ಭಾಷೆಯಲ್ಲಿ ಕಲಿತರು ಎಂದು ಕೇಳಲಿ. ಹುಡುಗನೊಬ್ಬನಿಗೆ ಐದಾರು ಸಾಲುಗಳಷ್ಟು ಬರೆದಿಡಲಿ. ನ್ಯಾಯಮೂರ್ತಿಗೂ ಗಿರಣಿ ಕಾರ್ಮಿಕನಿಗೂ ಅಷ್ಟೇ ಸಾಲು. ಒಬ್ಬರು ಒಂದು ವರ್ಷದಲ್ಲಿ ಒಂದು ವರ್ಗವನ್ನು ಮುಗಿಸಿದರೂ ಸಾಕು. ವಿದ್ಯಾರ್ಥಿಗಳಿಂದಲೇ ಈ ಕೆಲಸ ಮಾಡಿಸಿದರೆ ಅವರಿಗೆ ಇತಿಹಾಸವೆಂದರೇನೆಂಬ ಪಾಠವೂ ಆದೀತು.

ಈ ಕೆಲಸಕ್ಕೆ ಕಾಲಾವಕಾಶ ಬಹಳವಿಲ್ಲ. ಹಳೆಯ ರಜಿಸ್ಟರುಗಳ ಕಾಗದ ಪುಡಿಯಾಗುತ್ತಿದೆ, ಕೇಳಿ ತಿಳಿಯಬೇಕಾದ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ, ಹುಡುಗರ ಸಂಖ್ಯೆ ಇಳಿದ ಕೆಲವು ಕನ್ನಡ ಶಾಲೆಗಳ ಬಾಗಿಲು ಮುಚ್ಚುವ ಭಯವೂ ಇದೆ. ಶಾಲೆ ಮುಚ್ಚಿದ ಮೇಲೆ ರಜಿಸ್ಟರು ಯಾವ ಕಚೇರಿಯ ಯಾವ ಮೂಲೆಯನ್ನು ಸೇರೀತೆಂದು ಹೇಳಬರುವುದಿಲ್ಲ. ಇಲ್ಲಿ ಕನ್ನಡ ಕಲಿಯುವ ಮಕ್ಕಳಿದ್ದರು, ಅವರು ಇಂತಿಂತಹವರು ಎಂದು ಹೆಸರು ಹಿಡಿದು ಹೇಳಬಲ್ಲ ಪುಸ್ತಕ ನಮ್ಮ ಕೈಯಲ್ಲಿರುವಾಗಲೇ ಅದನ್ನು ತೆರೆದು ಬರೆದುಕೊಳ್ಳೋಣ. ಮುಂದಿನ ಸ್ಮರಣ ಸಂಚಿಕೆ ಹೊರಡುವ ಹೊತ್ತಿಗೆ ನಮ್ಮ ಹತ್ತು ಶಾಲೆಗಳ ಹತ್ತು ಮೊದಲ ವರ್ಗಗಳ ಪಟ್ಟಿ ಅದರಲ್ಲಿ ಅಚ್ಚಾದರೆ ಸಂಘದ ಶ್ರಮ ಸಾರ್ಥಕವಾಗುವುದು.